ಮೆಥನಾಲ್ ಪಾಠ ಮಾಡುವವರಿಗೆ

ನನ್ನ ಜಾಗಕ್ಕೆ ಬಂದಿರುವ ಹುಡುಗಿ ಮೊನ್ನೆ ಫೋನ್ ಮಾಡಿದ್ದಳು. ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಲು ಈ ವರ್ಷವಷ್ಟೇ ಸೇರಿದ್ದಾಳೆ. "ಮೇಡಂ, ಮುಂದಿನ ವಾರ ಆಲ್ಕೊಹಾಲ್ ಪಾಠ ಶುರು ಮಾಡ್ಬೇಕು. ನೀವು ಹೇಗೆ ಮಾಡ್ತಿದ್ರಿ?" ಎಂದು ಕೇಳಿದಳು. ಏನೋ ನಾಲ್ಕು ಮಾತು ಹೇಳಿ ಫೋನ್ ಇಟ್ಟೆ. ಇಟ್ಟ ಮೇಲೆ ಸಮಾಧಾನವಾಗಲಿಲ್ಲ. ಸಮೀಕರಣ ಬರೆಯುವುದನ್ನು ನಾನು ಅವಳಿಗೆ ಹೇಳಿಕೊಡಬೇಕಾಗಿಲ್ಲ, ಅವಳು ನನಗಿಂತ ಚೆನ್ನಾಗಿ ಬರೆಯುತ್ತಾಳೆ. ಹೇಳಬೇಕಾದದ್ದು ಬೇರೆ ಇತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮನೆ ಬಂಗಾರಪೇಟೆ, ಕಾಲೇಜು ಕೆಜಿಎಫ್. ಬೆಳಗ್ಗೆ ಇಡೀ ಊರು ಬೆಂಗಳೂರಿನ ರೈಲಿಗೆ ನೂಕಾಡುವಾಗ ನಾನು ಕೆಜಿಎಫ್ ಮೇಲೆ ಹೋಗುವ ಮಾರಿಕುಪ್ಪಂ ಗಾಡಿ ಹತ್ತುತ್ತಿದ್ದೆ. ಸೀಟು ಧಾರಾಳವಾಗಿ ಸಿಗುತ್ತಿತ್ತು. ನಮ್ಮ ಲ್ಯಾಬಿನ ಕಿಟಕಿಯಿಂದ ಸೈನೈಡ್ ದಿಬ್ಬ, ಅಂದರೆ ಚಿನ್ನ ತೆಗೆದ ಮೇಲೆ ಗಣಿಯವರು ಸುರಿದ ಪುಡಿಮಣ್ಣಿನ ಗುಡ್ಡ, ಕಾಣುತ್ತಿತ್ತು. ಬೇಸಿಗೆಯಲ್ಲಿ ಗಾಳಿ ಬೀಸಿದರೆ ಆ ದಿಬ್ಬದ ಬಿಳಿ ಧೂಳು ಬಂದು ಬಾಟಲಿಗಳ ಮೇಲೆ ಕೂರುತ್ತಿತ್ತು. ಅದನ್ನು ಒರೆಸುವುದೇ ಕೆಲಸಕ್ಕೆ ಸೇರಿದ ದಿನ ನನಗೆ ಸಿಕ್ಕ ಮೊದಲ ಹೊಣೆ.

ಒರೆಸಲು ಹೇಳಿದವರು ವಿಭಾಗದ ಮುಖ್ಯಸ್ಥರಾಗಿದ್ದ ನಂಜುಂಡಯ್ಯ ಮೇಷ್ಟ್ರು. ಅವರ ಅಂಗಿಯ ತೋಳಿನ ತುಂಬ ಆಮ್ಲ ತಿಂದ ತೂತುಗಳು. ಬಾಟಲಿ ಒರೆಸಿ ಮುಗಿಸಿದ ಮೇಲೆ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಒಂದು ಬಟ್ಟಲು ನೀರಿಗೆ ಸಾಸಿವೆಕಾಳಿನಷ್ಟು ಸೋಡಿಯಂ ಹಾಕಿದರು. ಅದು ಬುಸ್ಸೆಂದು ನೀರಿನ ಮೇಲೆಲ್ಲ ಓಡಾಡಿತು. ಅಷ್ಟೇ ಸೋಡಿಯಮ್ಮನ್ನು ಆಲ್ಕೊಹಾಲಿಗೆ ಹಾಕಿದರು. ಅದು ತಳಕ್ಕಿಳಿದು ಮೆಲ್ಲಗೆ ಗುಳ್ಳೆ ಬಿಡುತ್ತ ಕೂತಿತು. "ನೋಡಮ್ಮ, ಎರಡರಲ್ಲೂ ಹೈಡ್ರೋಜನ್ನೇ ಬರೋದು. ನೀರಿಗೆ ಸಿಟ್ಟು ಜಾಸ್ತಿ, ಇದಕ್ಕೆ ಕಡಿಮೆ. ಇದನ್ನ ಮಕ್ಕಳಿಗೆ ತೋರಿಸಿದ ಮೇಲೆ ಬೋರ್ಡಿನ ಮೇಲೆ ಬರಿ. ಬರೆದು ಆಮೇಲೆ ತೋರಿಸಬೇಡ" ಎಂದರು. ಅವರು ನನಗೆ ಕೊಟ್ಟ ತರಬೇತಿ ಇಷ್ಟೇ. ನಿವೃತ್ತಿಯ ತನಕ ಅದು ಸಾಕಾಯಿತು.

ಅವರ ಎಲ್ಲ ಪದ್ಧತಿಗಳೂ ಒಳ್ಳೆಯವಾಗಿರಲಿಲ್ಲ. ಯಾವ ದ್ರವವಾದರೂ ನೇರವಾಗಿ ಮೂಗಿಗೆ ಹಿಡಿದು ಮೂಸುತ್ತಿದ್ದರು, ಪಿಪೆಟ್ಟನ್ನು ಬಾಯಲ್ಲಿ ಎಳೆಯುತ್ತಿದ್ದರು. ನಮ್ಮ ಕಾಲಕ್ಕೆ ಅದೆಲ್ಲ ನಿಂತಿತು. ಬಾಟಲಿಯನ್ನು ದೂರ ಹಿಡಿದು ಕೈಯಲ್ಲಿ ಗಾಳಿ ಬೀಸಿಕೊಂಡು ವಾಸನೆ ನೋಡುವುದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸಿದೆವು. ಆಮೇಲೆ ಗೋಡೆಗೆ ದೊಡ್ಡ ಪರದೆ ಬಂತು. ಕಿತ್ತಳೆ ಬಣ್ಣದ ಡೈಕ್ರೋಮೇಟ್ ದ್ರಾವಣಕ್ಕೆ ಆಲ್ಕೊಹಾಲ್ ಸೇರಿ ಹಸಿರಾಗುವುದನ್ನು ಈಗ ವಿಡಿಯೋದಲ್ಲಿ ತೋರಿಸಿ ಮುಗಿಸಬಹುದು. ಮುಗಿಸಬೇಡಿ. ಬಿಸಿಯಾದ ಟೆಸ್ಟ್ ಟ್ಯೂಬು ಕೈಯಲ್ಲಿದ್ದಾಗ ಹುಡುಗರು ಗಮನವಿಟ್ಟು ನೋಡುವ ಹಾಗೆ ಪರದೆಯನ್ನು ನೋಡುವುದಿಲ್ಲ.

ಎಡವಟ್ಟುಗಳನ್ನೂ ಹೇಳಬೇಕಲ್ಲ. ಆಮ್ಲ ಮತ್ತು ಆಲ್ಕೊಹಾಲ್ ಸೇರಿಸಿ ಕಾಯಿಸಿದರೆ ಹಣ್ಣಿನ ಪರಿಮಳದ ಎಸ್ಟರ್ ಬರುತ್ತದೆ. ಎಲ್ಲರೂ ಅಸಿಟಿಕ್ ಆಮ್ಲ ಹಾಕಿ ಮಾಡಿಸುತ್ತಾರೆ. ನನಗೆ ಮಕ್ಕಳಿಗೆ ಅನಾನಸ್ ಪರಿಮಳ ತೋರಿಸುವ ಆಸೆ. ಬೀರುವಿನ ಮೂಲೆಯಲ್ಲಿದ್ದ ಬ್ಯುಟಿರಿಕ್ ಆಮ್ಲದ ಹಳೇ ಬಾಟಲಿ ತೆಗೆಯಲು ಹೋದೆ. ಮುಚ್ಚಳ ಬಿಗಿಯಾಗಿತ್ತು, ತಿರುಚುವಾಗ ಬಾಟಲಿ ಜಾರಿ ನನ್ನ ಸೀರೆಯ ಮೇಲೆಯೇ ಚೆಲ್ಲಿತು. ಮುಗ್ಗಿದ ತುಪ್ಪವನ್ನೂ ವಾಂತಿಯನ್ನೂ ಕಲಸಿದಂಥ ವಾಸನೆ. ತರಗತಿ ಖಾಲಿಯಾಯಿತು, ಪ್ರಿನ್ಸಿಪಾಲರು ಕರವಸ್ತ್ರ ಹಿಡಿದು ಗೇಟಿನ ಹೊರಗೆ ನಿಂತರು. ಸಂಜೆ ರೈಲಿನಲ್ಲಿ ನಾನು ಕೂತ ಕಡೆಗೆ ಯಾರೂ ಬರಲಿಲ್ಲ. ಮಾರನೆಯ ದಿನ ಬೇರೆ ಸೀರೆಯುಟ್ಟು ಹೋಗಿ, ಉಳಿದಿದ್ದ ಸ್ವಲ್ಪದರಲ್ಲೇ ಎಸ್ಟರ್ ಮಾಡಿ ತೋರಿಸಿದೆ. ಅನಾನಸ್ ಬಂತು. ಅಷ್ಟು ಕೆಟ್ಟ ವಾಸನೆಯ ಆಮ್ಲ ಹಣ್ಣಾದದ್ದನ್ನು ಆ ಮಕ್ಕಳು ಈಗಲೂ ಸಿಕ್ಕಾಗ ನೆನೆಸಿಕೊಂಡು ನಗುತ್ತಾರೆ.

ಇನ್ನು ಮೆಥನಾಲಿನ ವಿಷಯ.

ಒಂದು ವರ್ಷ ಎರಡನೇ ಪಿಯುವಿನಲ್ಲಿ ನಾಗವೇಣಿ ಎಂಬ ಹುಡುಗಿ ಇದ್ದಳು. ಕಾಮಸಮುದ್ರದ ದಾರಿಯ ಒಂದು ಹಳ್ಳಿಯವಳು. ಬಂಗಾರಪೇಟೆಯಲ್ಲಿ ವಿಜ್ಞಾನಕ್ಕೆ ಸೀಟು ಸಿಗದೆ ನಮ್ಮಲ್ಲಿಗೆ ಬಂದಿದ್ದಳು. ಬಸ್ಸಿನಲ್ಲಿ ಬಂದು, ನಾನು ಹೋಗುವ ರೈಲಿಗೇ ಹತ್ತುತ್ತಿದ್ದಳು. ನನ್ನ ತವರೂ ಆ ಕಡೆಯೇ ಆದ್ದರಿಂದ ಅವಳ ಮಾತು ಕೇಳಿದರೆ ನನಗೆ ಮನೆಯವರೇ ಮಾತಾಡಿದಂತಿರುತ್ತಿತ್ತು. ಅಪ್ಪ ಚೌಡಪ್ಪನಿಗೆ ಕಣ್ಣು ಕಾಣುವುದಿಲ್ಲ, ಅಮ್ಮ ಗಂಗಮ್ಮ ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕಿ ಮನೆ ನಡೆಸುತ್ತಾಳೆ, ಇಷ್ಟು ಹೇಳಿದ್ದಳು. ಅಪ್ಪನ ಕಣ್ಣಿಗೆ ಏನಾಯಿತೆಂದು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆಲ್ಕೊಹಾಲ್ ಪಾಠದಲ್ಲಿ ಮೆಥನಾಲ್ ಬಂತು. ಕಳ್ಳ ಸಾರಾಯಿಯಲ್ಲಿ ಸೇರುವ ವಿಷ ಇದೇ. ಎಂದಿನಂತೆ ವಿವರಿಸಿದೆ. ಹೊಟ್ಟೆಗೆ ಹೋದ ಮೆಥನಾಲನ್ನು ಯಕೃತ್ತಿನ ಒಂದು ಕಿಣ್ವ ಫಾರ್ಮಾಲ್ಡಿಹೈಡ್ ಮಾಡುತ್ತದೆ, ಅದು ಮುಂದೆ ಫಾರ್ಮಿಕ್ ಆಮ್ಲವಾಗುತ್ತದೆ. ಕಣ್ಣಿನ ನರವನ್ನು ಕೆಡಿಸುವುದು ಆ ಆಮ್ಲ. ಆದರೆ ಅದೇ ಕಿಣ್ವಕ್ಕೆ ಎಥನಾಲ್, ಅಂದರೆ ಸಾಮಾನ್ಯ ಮದ್ಯದಲ್ಲಿರುವ ಆಲ್ಕೊಹಾಲ್, ಸಿಕ್ಕರೆ ಅದು ಮೆಥನಾಲನ್ನು ಬಿಟ್ಟು ಎಥನಾಲಿನ ಕೆಲಸಕ್ಕೆ ಹೋಗುತ್ತದೆ. ಅಷ್ಟರಲ್ಲಿ ಮೆಥನಾಲ್ ಉಸಿರಿನಲ್ಲಿ, ಮೂತ್ರದಲ್ಲಿ ಮೆಲ್ಲಗೆ ಹೊರಗೆ ಹೋಗಬಹುದು. ಅದಕ್ಕೇ ಬೇರೆ ಔಷಧಿ ಇಲ್ಲದ ಕಡೆ ವೈದ್ಯರು ಎಥನಾಲನ್ನೇ ಔಷಧಿಯಾಗಿ ಕೊಡುತ್ತಾರೆ.

ನಾಗವೇಣಿ ಎದ್ದು ನಿಂತಳು. "ಮೇಡಂ, ಬ್ರಾಂದಿ ಕೊಟ್ರೂ ಆಗ್ತದಾ?"

"ಬೇರೇನೂ ಇಲ್ಲದಿದ್ದರೆ ಅದನ್ನೂ ಕೊಟ್ಟಿದ್ದಾರೆ. ಆದರೆ ವೈದ್ಯರೇ ಅಳತೆ ನೋಡಿ ಕೊಡಬೇಕು."

"ಕೊಟ್ಟಿದ್ರೆ ಕಣ್ಣು ಉಳೀತಿತ್ತಾ?"

"ಬೇಗ ಕೊಟ್ಟರೆ ಉಳಿಯಬಹುದು."

ಅವಳು ಕೂತಳು. ಮಾರನೆಯ ದಿನದಿಂದ ಕಾಲೇಜಿಗೆ ಬರಲಿಲ್ಲ.

ಜ್ವರವಿರಬಹುದು ಅಂದುಕೊಂಡೆ. ಒಂದು ದಿನ ನಮ್ಮ ಗಾಡಿ ತಡ ಅಂದರು. ಕಾಫಿ ಕುಡಿಯೋಣವೆಂದು ಸೇತುವೆ ದಾಟಿ ಬೆಂಗಳೂರು ಗಾಡಿಯ ಪ್ಲಾಟ್‌ಫಾರ್ಮಿಗೆ ಹೋದರೆ, ಕೊನೆಯ ಬೆಂಚಿನ ಮೇಲೆ ಕಾಲೇಜಿನ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ನಾಗವೇಣಿ ಕೂತಿದ್ದಳು. ಮನೆಯಲ್ಲಿ ಕಾಲೇಜಿಗೆಂದು ಹೇಳಿ ಹೊರಟು, ದಿನಾ ಅಲ್ಲಿ ಕೂತು ಸಂಜೆ ವಾಪಸ್ಸು ಹೋಗುತ್ತಿದ್ದಳಂತೆ. ನನ್ನನ್ನು ಕಂಡು ಓಡಿಹೋಗಲಿಲ್ಲ. ಕಾಫಿ ತಂದುಕೊಟ್ಟೆ. ಲೋಟ ಕೈಯಲ್ಲಿ ಹಿಡಿದು, ಕುಡಿಯದೆ ಹೇಳತೊಡಗಿದಳು.

ಅವಳು ಚಿಕ್ಕವಳಿದ್ದಾಗ ಚೌಡಪ್ಪ ಲಾರಿಗೆ ಮೂಟೆ ಹೊರುತ್ತಿದ್ದ. ಕುಡಿತವಿತ್ತು. ಒಂದು ದಿನ ಯಾರೋ ಗಡಿಯಾಚೆಯಿಂದ ತಂದ ಸಾರಾಯಿ ಕುಡಿದು, ಮಾರನೆಯ ಬೆಳಗ್ಗೆ ಕಣ್ಣೆಲ್ಲ ಮಂಜು ಮಂಜು ಎಂದು ತಡವರಿಸುತ್ತಿದ್ದ. ಹತ್ತಿರದ ಚಿಕ್ಕ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿದ್ದ ಡಾಕ್ಟರು ಅವಸರದಲ್ಲಿ "ಹೋಗಿ ಬ್ರಾಂದಿ ತನ್ನಿ, ಕುಡಿಸಬೇಕು" ಎಂದರು. ಜೊತೆಗೆ ಬಂದವರು ತಂದರು. ಗಂಗಮ್ಮ ಆ ಬಾಟಲಿಯನ್ನು ಕಿತ್ತುಕೊಂಡು ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಒಡೆದು ಹಾಕಿದಳು. "ಕುಡ್ದೇ ಇಂಗಾಗವ್ನೆ, ಇನ್ನೂ ಕುಡಿಸ್ತೀರಾ? ನೀವು ಡಾಕ್ಟ್ರಾ, ಅಂಗಡಿಯೋರಾ?" ಎಂದು ಕೂಗಾಡಿದಳು. ಆ ಗಲಾಟೆಯಲ್ಲಿ ಇನ್ನೊಂದು ಬಾಟಲಿ ಯಾರೂ ತರಲಿಲ್ಲ. ಕೋಲಾರದ ದೊಡ್ಡ ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಚೌಡಪ್ಪನಿಗೆ ಬೆಳಕೂ ಕಾಣುತ್ತಿರಲಿಲ್ಲ. ಜೀವ ಉಳಿಯಿತು.

"ಊರೋರೆಲ್ಲ ಇವತ್ಗೂ ಏಳ್ಕಂಡು ಮೆಚ್ಕಂತಾರೆ ಮೇಡಂ, ಗಂಗಮ್ಮ ಡಾಕ್ಟ್ರ ಮುಂದೇನೇ ಬ್ರಾಂದಿ ಬಾಟ್ಲಿ ಒಡೆದವ್ಳು ಅಂತ. ನಾನೂ ಎಲ್ರ ತಾವ ಜಂಬ ಕೊಚ್ಕಂಡಿದ್ದೆ" ಎಂದಳು ನಾಗವೇಣಿ. "ಈಗ ಅಮ್ಮನ ಮುಖ ನೋಡೋಕಾಗ್ತಿಲ್ಲ. ಅವ್ಳು ತಟ್ಟೆ ಇಟ್ರೆ ಒಟ್ಟೆಗೆ ಇಳಿಯಲ್ಲ. ಒಂದೊಂದ್ ಕಿತ ಏಳೇ ಬಿಡೋಣ ಅನ್ನಿಸ್ತದೆ, ಅಪ್ಪನ ಕಣ್ಣು ತೆಗ್ದೋಳು ನೀನೇ ಅಂತ."

"ಹಾಗಂತ ಯಾರಿಗೆ ಗೊತ್ತು? ನಿಮ್ಮಪ್ಪ ಎಷ್ಟು ಕುಡಿದಿದ್ದರು, ಆಸ್ಪತ್ರೆಗೆ ಹೋಗುವಾಗ ಆಮ್ಲ ಎಷ್ಟಾಗಿತ್ತು, ಯಾರಿಗೂ ಗೊತ್ತಿಲ್ಲ. ಆಗಲೇ ಕಣ್ಣು ಮಂಜಾಗಿತ್ತಲ್ಲ."

"ಪುಸ್ತಕದಲ್ಲಿ ಐತಲ್ಲ ಮೇಡಂ."

"ಪುಸ್ತಕದಲ್ಲಿರೋದು ಮೆಥನಾಲ್ ವಿಷಯ, ನಿಮ್ಮಪ್ಪನ ವಿಷಯ ಅಲ್ಲ."

ಅವಳಿಗೆ ಅದು ಸಾಲಲಿಲ್ಲ. ನನಗೂ ಸಾಲಲಿಲ್ಲ. ಅವಳನ್ನು ಬಸ್ಸು ಹತ್ತಿಸಿ, ಮನೆಯಲ್ಲಿ ಏನೂ ಅನ್ನಬೇಡ, ಭಾನುವಾರ ನಾನೇ ಬರುತ್ತೇನೆ ಎಂದು ಹೇಳಿದೆ.

ಭಾನುವಾರ ಸಂಜೆ ಹೋದಾಗ ಗಂಗಮ್ಮ ಡೈರಿಗೆ ಹಾಲು ಹಾಕಲು ಹೋಗಿದ್ದಳು, ನಾಗವೇಣಿ ಹುಲ್ಲಿಗೆ ಹೋಗಿದ್ದಳು. ಚೌಡಪ್ಪ ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಹಸುವಿನ ಮೈ ಉಜ್ಜುತ್ತಿದ್ದರು. ಹಾಲು ಕರೆಯುವುದೂ ಅವರೇ ಅಂತೆ. ನಾನು ಯಾರೆಂದು ಹೇಳಿದ ಕೂಡಲೇ ಕೈ ತೊಳೆದು, ಹಲಗೆಯೊಂದನ್ನು ತಡವಿ ಎಳೆದು ಕೂರಲು ಹಾಕಿದರು. ಹಾಜರಾತಿ ಕಡಿಮೆಯಾಗಿದೆ ಎಂದು ನಾನು ಮಾತು ತೆಗೆದೆ.

"ಆಜರಿ ಅಲ್ಲ ಬಿಡಿ ಮೇಡಮ್ಮೋರೇ," ಎಂದರು. "ನನ್ ಮಗ್ಳು ದಿನಾ ನನ್ ತಾವ ಕೂತು ಪಾಠ ಗಟ್ಟಿಯಾಗಿ ಓದ್ತಾಳೆ. ಆವತ್ತು ಅದ್ಯಾವ್ದೋ ಮೆಥನಾಲ್ ಅಂತ ಶುರು ಮಾಡಿ ಅರ್ಧಕ್ಕೇ ನಿಲ್ಸಿದ್ಲು. ಅವತ್ತಿಂದ ಅವ್ರಮ್ಮನ ತಾವ ಮಾತಿಲ್ಲ. ನಂಗೆ ಗೊತ್ತಾಯ್ತು."

"ಏನು ಗೊತ್ತಾಯ್ತು?"

"ಕೋಲಾರದ ಡಾಕ್ಟ್ರು ಅವತ್ತೇ ಏಳಿದ್ರು. ಮೊದ್ಲು ಓದ ಕಡೆ ಬ್ರಾಂದಿ ಯಾಕ್ ಕುಡೀಲಿಲ್ಲ ಅಂತ ಬೈದ್ರು. ಅವ್ಳು ನಂಗೆ ಗಂಜಿ ತರೋಕೆ ಓಗಿದ್ಲು. ನಾನು ಕೈ ಮುಗ್ದು ಕೇಳ್ಕಂಡೆ, ಸಾರ್, ಅವ್ಳ ಮುಂದೆ ಇದನ್ನ ಏಳ್ಬೇಡಿ ಅಂತ."

ಹೊರಗೆ ಹುಲ್ಲಿನ ಹೊರೆ ಬಿದ್ದ ಸದ್ದಾಯಿತು. ನಾಗವೇಣಿ ಬಾಗಿಲಲ್ಲಿ ನಿಂತಿದ್ದಳು. ಅವಳು ಕೇಳಿಸಿಕೊಂಡಳೆಂದು ಚೌಡಪ್ಪನಿಗೂ ತಿಳಿಯಿತು. "ಬಾ ಮಗಾ," ಎಂದು ಕೈ ಚಾಚಿದರು.

"ಗೊತ್ತಿದ್ದೂ ಸುಮ್ನಿದ್ಯಾ ಅಪ್ಪಾ?"

"ಸುಮ್ನಿರದೆ ಇನ್ನೇನ್ ಮಾಡ್ಲಿ? ವರ್ಷಾನುಗಟ್ಲೆ ಕುಡ್ದೋನು ನಾನು. ಬ್ಯಾಡ ಬ್ಯಾಡ ಅಂತ ಕಾಲಿಗೆ ಬಿದ್ದೋಳು ಅವ್ಳು. ಒಂದ್ ದಿನ ಬಾಟ್ಲಿ ಒಡೆದ್ಲು, ಅದೂ ನಾನು ಬದುಕ್ಲಿ ಅಂತ. ಅವ್ಳ ಮೇಲೆ ಯಾವ ತಪ್ಪು ಒರಿಸ್ಲಿ?"

ನಾಗವೇಣಿ ಅಪ್ಪನ ಪಕ್ಕದಲ್ಲಿ ಸಗಣಿ ನೆಲದ ಮೇಲೆಯೇ ಕೂತು ಅವರ ಮಂಡಿಗೆ ಹಣೆ ಆನಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಗಂಗಮ್ಮ ಕ್ಯಾನು ಹಿಡಿದು ಬಂದಳು. ಮಗಳು ಎದ್ದು ಹೋಗಿ ಕ್ಯಾನನ್ನು ಅವಳ ಕೈಯಿಂದ ತೆಗೆದುಕೊಂಡಳು. "ಅಮ್ಮಾ, ಅಸಿವಾಗ್ತೈತೆ," ಎಂದಳು. ಗಂಗಮ್ಮ ಮಗಳ ಮುಖವನ್ನೂ ನನ್ನ ಮುಖವನ್ನೂ ನೋಡಿ, ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಳು. ನನ್ನನ್ನೂ ಉಣ್ಣದೆ ಕಳಿಸಲಿಲ್ಲ.

ಸೋಮವಾರ ನಾಗವೇಣಿ ಕಾಲೇಜಿಗೆ ಬಂದಳು. ಎಲ್ಲ ಸರಿಹೋಯಿತೆಂದು ನಾನು ಅಂದುಕೊಂಡೆ.

ಕೆಲವು ವಾರ ಕಳೆದ ಮೇಲೆ, ಒಂದು ಮಧ್ಯಾಹ್ನ ಮಕ್ಕಳೆಲ್ಲ ಊಟಕ್ಕೆ ಹೋಗಿದ್ದಾಗ ಲ್ಯಾಬಿನ ಬಾಗಿಲಲ್ಲಿ ಗಂಗಮ್ಮ ನಿಂತಿದ್ದಳು. ಮಗಳಿಗೆ ಹೇಳದೆ ಬಸ್ಸು, ರೈಲು ಹಿಡಿದು ಒಬ್ಬಳೇ ಬಂದಿದ್ದಳು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದಳು. ಸ್ಟೂಲಿನ ಮೇಲೆ ಕೂರಲು ಒಪ್ಪಲಿಲ್ಲ.

"ಆವತ್ತು ಕೊಟ್ಟಿಗೆ ಗೋಡೆ ಇಂದೆ ನಿಂತಿದ್ದೆ ಮೇಡಂ. ಎಲ್ಲಾ ಕೇಳಿಸ್ತು. ಆಮೇಲೇನೇ ಕ್ಯಾನ್ ಇಡ್ಕಂಡು ಒಳಕ್ಕೆ ಬಂದಿದ್ದು," ಎಂದಳು. ಅವಳ ದನಿಯಲ್ಲಿ ಅಳುವಿರಲಿಲ್ಲ. "ಅವ್ರು ನನ್ನ ಕಾಪಾಡೋಕೆ ಏನ್ ಬೇಕಾದ್ರೂ ಏಳ್ತಾರೆ. ನೀವು ಓದ್ದೋರು, ನಿಜ ಏಳಿ. ಅವ್ರ ಕಣ್ಣು ತೆಗ್ದೋಳು ನಾನೇನಾ?"

ಅಷ್ಟು ವರ್ಷ ಪಾಠ ಮಾಡಿದ್ದರೂ ಅಂಥ ಪ್ರಶ್ನೆ ನನಗೆ ಯಾರೂ ಕೇಳಿರಲಿಲ್ಲ. ಅಲ್ಲ ಎಂದುಬಿಟ್ಟರೆ ಅವಳು ನಂಬುವುದಿಲ್ಲ. ಹೌದು ಎನ್ನುವುದು ನಿಜವಲ್ಲ. "ಕೊಟ್ಟಿದ್ದರೆ ಉಳಿಯುತ್ತಿತ್ತೋ ಇಲ್ಲವೋ, ಈಗ ಯಾವ ಡಾಕ್ಟರೂ ಹೇಳಲಾರರು ಗಂಗಮ್ಮ. ಉಳಿಯುವ ಸಂಭವ ಇತ್ತು. ಅಷ್ಟು ಮಾತ್ರ ನಿಜ," ಎಂದೆ.

ಅವಳು ತಲೆಯಾಡಿಸಿದಳು. ಆಮೇಲೆ, "ಆ ಸಾರಾಯೀಲಿದ್ದಿದ್ದು, ಬ್ರಾಂದೀಲಿರೋದು, ಎರಡೂ ನಿಮ್ ತಾವ ಐತಂತಲ್ಲ, ನನ್ ಮಗ್ಳು ಓದ್ತಿದ್ಲು. ನಂಗೆ ತೋರ್ಸಿ," ಎಂದಳು.

ಮೆಥನಾಲಿನ ಬಾಟಲಿ ಕಪಾಟಿನಲ್ಲಿತ್ತು. ಶುದ್ಧ ಎಥನಾಲನ್ನು ಬೀಗ ಹಾಕಿ ಇಡುತ್ತೇವೆ, ಬೀಗ ತೆಗೆದು ತಂದೆ. ಎರಡು ಟೆಸ್ಟ್ ಟ್ಯೂಬುಗಳಲ್ಲಿ ಎರಡನ್ನೂ ಸ್ವಲ್ಪ ಸ್ವಲ್ಪ ಹಾಕಿ ಅವಳ ಮುಂದೆ ಹಿಡಿದೆ. ಗಂಗಮ್ಮ ಬಗ್ಗಿ ನೋಡಿದಳು. ಕೈ ಬೀಸಿ ವಾಸನೆ ನೋಡುವುದನ್ನು ತೋರಿಸಿದೆ, ಹಾಗೆಯೇ ನೋಡಿದಳು. ಮತ್ತೆ ಮತ್ತೆ ನೋಡಿದಳು.

"ಎರಡೂ ನೀರಿದ್ದಂಗೆ ಐತಲ್ಲ. ಇದ್ರಲ್ಲಿ ಕಣ್ಣು ತೆಗೆಯೋದು ಯಾವ್ದು, ಕಾಯೋದು ಯಾವ್ದು?"

"ನಾನು ಕಣ್ಣು ಮುಚ್ಚಿಕೊಂಡಾಗ ನೀವು ಜಾಗ ಬದಲಾಯಿಸಿಟ್ಟರೆ ನನಗೂ ಗೊತ್ತಾಗಲ್ಲ."

"ನಿಮ್ಗೂನಾ?"

"ನನಗೂ. ನಮ್ಮ ಮೇಷ್ಟ್ರಿಗೂ ಗೊತ್ತಾಗುತ್ತಿರಲಿಲ್ಲ. ಪರೀಕ್ಷೆ ಮಾಡಿಯೇ ಹೇಳಬೇಕು. ನೋಡಿ."

ಎರಡಕ್ಕೂ ಅಯೋಡಿನ್ ದ್ರಾವಣ ಹಾಕಿ, ಕಂದು ಬಣ್ಣ ತಿಳಿಯಾಗುವ ತನಕ ತೊಟ್ಟು ತೊಟ್ಟಾಗಿ ಕ್ಷಾರ ಬಿಟ್ಟು, ಬಿಸಿನೀರಿನಲ್ಲಿ ಇಳಿಸಿದೆ. ಇಬ್ಬರೂ ಕಾದೆವು. ಎಥನಾಲಿನ ಟ್ಯೂಬಿನಲ್ಲಿ ಮೊದಲು ಮೋಡ ಕವಿದಂತಾಗಿ, ಹಳದಿ ಪುಡಿ ತಳಕ್ಕಿಳಿಯಿತು. ಮೆಥನಾಲಿನದು ಹಾಗೆಯೇ ತಿಳಿಯಾಗಿ ಉಳಿಯಿತು.

"ಅಳದಿ ಬಂದಿದ್ದು?"

"ಅದು ಡಾಕ್ಟರು ಕೇಳಿದ್ದು. ಬ್ರಾಂದಿಯಲ್ಲಿರೋದು."

ಆ ಹಳದಿ ಪುಡಿಗೆ ಗಾಯಕ್ಕೆ ಹಚ್ಚುವ ಹಳೇ ಔಷಧಿಯ ವಾಸನೆ. ಗಂಗಮ್ಮನ ಮೂಗಿಗೂ ಬಂತು. "ಆಸ್ಪತ್ರೆ ವಾಸ್ನೆ," ಎಂದಳು. ಹಾಗೆ ಅಂದವಳು ಮೆಲ್ಲಗೆ ಸ್ಟೂಲಿನ ಮೇಲೆ ಕೂತು, ಸೆರಗು ಬಾಯಿಗೆ ಹಿಡಿದುಕೊಂಡು ಅತ್ತಳು. ನಾನು ಪಕ್ಕದಲ್ಲಿ ನಿಂತು ಅವಳ ಬೆನ್ನ ಮೇಲೆ ಕೈಯಿಟ್ಟೆ.

"ಒಬ್ರಾದ್ರೂ ಇಂಗೆ ಅಂತ ಏಳಿದ್ರೆ ನಾನ್ ಯಾಕ್ ಒಡೀತಿದ್ದೆ ಮೇಡಂ? ಬ್ರಾಂದಿ ತನ್ನಿ ಅಂದ್ರು, ಅಷ್ಟೇಯ. ಔಸ್ದಿ ಅಂತ ಯಾರೂ ಅನ್ಲಿಲ್ಲ."

"ಗೊತ್ತು ಗಂಗಮ್ಮ. ಅನ್ನಬೇಕಿತ್ತು."

ಅತ್ತು ಮುಗಿದ ಮೇಲೆ ನಲ್ಲಿಯಲ್ಲಿ ಮುಖ ತೊಳೆದುಕೊಂಡಳು. ಮಗಳನ್ನು ಕರೆಸಲೇ ಎಂದರೆ ಬೇಡವೆಂದಳು. ಹೋಗುವ ಮುಂಚೆ, "ನಂಗೆ ಗೊತ್ತು ಅಂತ ಅವ್ರಿಗೆ ನಾನೇ ಏಳ್ತೀನಿ. ನೀವೂ ಏಳ್ಬೇಡಿ, ಮಗೂನೂ ಏಳೋದು ಬ್ಯಾಡ," ಎಂದಳು.

ಅವಳು ಗಂಡನಿಗೆ ಹೇಳಿದ್ದನ್ನು ಮಾರನೆಯ ದಿನ ರೈಲಿನಲ್ಲಿ ನಾಗವೇಣಿಯಿಂದ ಕೇಳಿದೆ. ಸಂಜೆ ಹಾಲು ಕರೆಯುವಾಗ ಗಂಗಮ್ಮ ಗಂಡನ ಪಕ್ಕ ಕುಕ್ಕರುಗಾಲಲ್ಲಿ ಕೂತು ಎಲ್ಲ ಹೇಳಿದಳಂತೆ. ಚೌಡಪ್ಪ ಕರೆಯುವ ಕೈ ನಿಲ್ಲಿಸಲಿಲ್ಲವಂತೆ. ಕೊನೆಗೆ, "ಇಷ್ಟ್ ವರ್ಷ ಇದನ್ನ ನಾನೊಬ್ನೇ ಒತ್ಕಂಡಿದ್ದೆ ಕಣೇ. ಭಾರ ಆಗಿತ್ತು. ಇನ್ಮೇಲೆ ಇಬ್ರೂ ಒರೋಣ ಬಿಡು," ಎಂದರಂತೆ. ಅಷ್ಟು ಹೇಳಿ ನಾಗವೇಣಿ ಕಿಟಕಿಯ ಕಡೆ ತಿರುಗಿದಳು. ನಾನೂ ಪುಸ್ತಕ ತೆರೆದುಕೊಂಡು ಕೂತೆ, ಒಂದು ಸಾಲೂ ಓದಲಾಗಲಿಲ್ಲ.

ಆಮೇಲೆ ನಾನು ಆ ಪಾಠ ಮಾಡುವ ರೀತಿ ಬದಲಾಯಿತು. ಫಾರ್ಮಿಕ್ ಆಮ್ಲದ ತನಕ ಹೇಳಿ ಬೋರ್ಡು ಒರೆಸುತ್ತಿದ್ದವಳು, ಮನೆಗೆ ಹೋಗಿ ಇದನ್ನು ನಿಮ್ಮ ಮಾತಿನಲ್ಲಿ ಅಮ್ಮನಿಗೆ ಹೇಗೆ ಹೇಳುತ್ತೀರಿ ಎಂದು ಒಬ್ಬೊಬ್ಬರನ್ನೂ ಎಬ್ಬಿಸಿ ಕೇಳತೊಡಗಿದೆ. ತಮಿಳಿನಲ್ಲಿ ಹೇಳುವವರು ತಮಿಳಿನಲ್ಲಿ, ತೆಲುಗಿನವರು ತೆಲುಗಿನಲ್ಲಿ ಹೇಳಿದರು. ಸಮೀಕರಣ ಸರಿಯಾಗಿ ಬರೆದವರೇ ಇಲ್ಲಿ ತೊದಲುತ್ತಿದ್ದರು. ನಾನೂ ತೊದಲುತ್ತಿದ್ದೆ.

ಮುಂದಿನ ವರ್ಷದ ತಂಡಕ್ಕೆ ಆ ಪಾಠ ಬಂದಾಗ ನಾಗವೇಣಿ ಬಂಗಾರಪೇಟೆಯಲ್ಲಿ ನರ್ಸಿಂಗ್ ಓದುತ್ತಿದ್ದಳು. ನಾನು ಗಂಗಮ್ಮನಿಗೆ ಹೇಳಿ ಕಳಿಸಿದೆ. ಬರಲಾರೆ, ಓದಿದ ಮಕ್ಕಳ ಮುಂದೆ ನಾನೇನು ಹೇಳಲಿ ಎಂದವಳು, ಕೊನೆಗೆ ಚೌಡಪ್ಪನ ಕೈ ಹಿಡಿದುಕೊಂಡು ಬಂದೇ ಬಿಟ್ಟಳು. ಅವರನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ತಾನು ಕರಿಹಲಗೆಗೆ ಬೆನ್ನು ಮಾಡಿ ನಿಂತಳು.

"ಇವ್ರು ನಮ್ಮ ಯಜಮಾನ್ರು. ಕಳ್ಳ ಸಾರಾಯಿ ಕುಡ್ದು ಕಣ್ಣು ಓಯ್ತು," ಎಂದು ಶುರು ಮಾಡಿದಳು. ಬಾಟಲಿ ಒಡೆದದ್ದನ್ನು ಒಂದಿಷ್ಟೂ ಮುಚ್ಚಿಡದೆ ಹೇಳಿದಳು. "ಮೊದ್ಲು ಅದನ್ನ ಕುಡೀಬ್ಯಾಡಿ. ಯಾರಾನ ಕುಡ್ದು ಕಣ್ಣು ಮಂಜು ಅಂದ್ರೆ ಮನೇಲಿ ಮಲಗಿಸ್ಬ್ಯಾಡಿ, ನೀವೇ ಏನೂ ಕುಡಿಸ್ಬ್ಯಾಡಿ, ಎತ್ಕಂಡು ಆಸ್ಪತ್ರೆಗೆ ಓಡಿ. ಅಲ್ಲಿ ಡಾಕ್ಟ್ರು ಏನ್ ಕೊಡ್ತೀನಿ ಅಂದ್ರೂ ಅಡ್ಡ ನಿಲ್ಬ್ಯಾಡಿ. ಯಾಕೆ ಅಂತ ಬೇಕಾದ್ರೆ ಕೇಳಿ. ನಾನು ಕೇಳ್ಲಿಲ್ಲ."

ಹಿಂದಿನ ಬೆಂಚಿನಿಂದ ಒಬ್ಬಳು, "ಇದನ್ನ ಹೇಳೋಕೆ ನಿಮಗೆ ಕಷ್ಟ ಆಗಲ್ವಾ ಅಮ್ಮಾ?" ಎಂದಳು.

ಗಂಗಮ್ಮ ಗಂಡನ ಕಡೆ ನೋಡಿದಳು. ಚೌಡಪ್ಪ ದನಿ ಬಂದ ಕಡೆಗೆ ಮುಖ ಮಾಡಿ ನಗುತ್ತಿದ್ದರು.

"ಆಗ್ತದೆ ಮಗಾ," ಎಂದಳು. "ಏಳಿದ್ದಾಯ್ತಲ್ಲ." ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಕಡೆ ತಿರುಗಿದಳು. "ಬತ್ತೀವಿ ಮೇಡಂ, ಮೂರರ ಗಾಡಿ ತಪ್ಪೋದ್ರೆ ಅಸ ಕೂಗ್ತಾ ನಿಂತಿರ್ತದೆ." ಚೌಡಪ್ಪ ಎದ್ದು ಅವಳ ಭುಜದ ಮೇಲೆ ಕೈಯಿಟ್ಟರು. ಇಬ್ಬರೂ ಲ್ಯಾಬಿನ ಮೆಟ್ಟಿಲಿಳಿದು ಸ್ಟೇಷನ್ನಿನ ಕಡೆಗೆ ನಡೆದರು.